ಹದಿನಾರಾಣೆಯಿಂದ ನೂರು ಪೈಸೆಗೆ: ಬದಲಾವಣೆ ಮತ್ತು ಜನರ ಸಹಜ ಹಿಂಜರಿಕೆ

ಮನುಷ್ಯನು ಸ್ವಭಾವತಃ ರೂಢಿಪ್ರಿಯನು. ಏಳುವ ವೇಳೆ, ಉಣ್ಣುವ ಅಡಿಗೆ, ನಡೆಯುವ ದಾರಿ, ಎಣಿಸುವ ಲೆಕ್ಕ ಇವು ಒಮ್ಮೆ ಅಭ್ಯಾಸಕ್ಕೆ ಬಂದವೆಂದರೆ ಅವುಗಳನ್ನು ಬಿಡುವುದು ಅವನಿಗೆ ಸುಲಭವಲ್ಲ. ಈ ಸ್ವಭಾವವನ್ನು ಸುಧಾರಕರು ಬಹುಕಾಲದಿಂದ ಜಡತೆಯೆಂದು, ಅಜ್ಞಾನವೆಂದು, ಕೆಲವೊಮ್ಮೆ ಹಟವೆಂದು ಕರೆಯುತ್ತ ಬಂದಿದ್ದಾರೆ. ಹಾಗೆ ಕರೆದ ಮೇಲೆ ಅವರಿಗೆ ಉಳಿಯುವ ಉಪಾಯಗಳು ಎರಡೇ: ಒಂದು ಉಪದೇಶ, ಇನ್ನೊಂದು ಬಲಾತ್ಕಾರ. ಆದರೆ ಜನರ ಹಿಂಜರಿಕೆಯಲ್ಲಿ ಅಜ್ಞಾನವಿರುವಂತೆಯೇ ಜ್ಞಾನವೂ ಇರುತ್ತದೆ. ಹೊಸದು ಬಂದಾಗ ಕೈಯಿಂದ ಯಾವುದು ಜಾರಿಹೋಗುವುದೆಂಬುದನ್ನು ಅದನ್ನು ತರುವವನಿಗಿಂತ ಮೊದಲು ಅದನ್ನು ಅನುಭವಿಸಬೇಕಾದವನೇ ಕಾಣುತ್ತಾನೆ. ಈ ಮಾತಿಗೆ ನಾಣ್ಯ, ತೂಕ, ಅಳತೆಗಳ ಇತಿಹಾಸಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ಏಕೆಂದರೆ ಧರ್ಮ, ರಾಜಕೀಯಗಳ ಬದಲಾವಣೆಯಲ್ಲಿ ಕೆಲವರು ಪಕ್ಕಕ್ಕೆ ನಿಂತು ನೋಡಬಹುದು. ಸೇರು ಹೋಗಿ ಕಿಲೋಗ್ರಾಂ ಬಂದಾಗ ಉಪ್ಪು ಕೊಳ್ಳುವ ಯಾರೂ ಪಕ್ಕಕ್ಕೆ ನಿಲ್ಲುವಂತಿಲ್ಲ.

ಹಳೆಯ ಲೆಕ್ಕವು ಹೇಗಿತ್ತೆಂಬುದನ್ನು ಮೊದಲು ತಿಳಿಯಬೇಕು. ರೂಪಾಯಿಗೆ ೧೬ ಆಣೆ, ಆಣೆಗೆ ೪ ಪೈಸೆ, ಪೈಸೆಗೆ ೩ ಪೈ. ಅಂದರೆ ರೂಪಾಯಿಗೆ ೬೪ ಪೈಸೆ ಅಥವಾ ೧೯೨ ಪೈ. ಇಂದಿನ ವಿದ್ಯಾರ್ಥಿಗೆ ಇದು ತೊಡಕಿನ ಗಂಟಾಗಿ ಕಾಣುವುದು ಸಹಜ. ಆದರೆ ಕಾಗದ ಲೇಖನಿಗಳಿಲ್ಲದೆ ವ್ಯವಹರಿಸುವವನ ದೃಷ್ಟಿಯಿಂದ ನೋಡಿದರೆ ಚಿತ್ರವೇ ಬೇರೆ. ಹದಿನಾರನ್ನು ಅರ್ಧ ಮಾಡಿದರೆ ಎಂಟು, ಮತ್ತೆ ಅರ್ಧ ಮಾಡಿದರೆ ನಾಲ್ಕು, ಆಮೇಲೆ ಎರಡು, ಕೊನೆಗೆ ಒಂದು. ನಾಲ್ಕು ಬಾರಿ ಒಡೆದರೂ ಶೇಷ ಉಳಿಯುವುದಿಲ್ಲ. ನೂರನ್ನಾದರೋ ಎರಡು ಬಾರಿ ಮಾತ್ರ ಹೀಗೆ ಒಡೆಯಬಹುದು. ಮೂರನೆಯ ಬಾರಿಗೆ ಹನ್ನೆರಡೂವರೆ ಬಂದು ನಿಲ್ಲುತ್ತದೆ. ರೂಪಾಯಿಯನ್ನು ಮೂವರಿಗೆ ಹಂಚಬೇಕಾದರೆ ಹಳೆಯ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ೫ ಆಣೆ ೪ ಪೈ ಸರಿಯಾಗಿ ಬರುತ್ತದೆ. ಹೊಸ ಲೆಕ್ಕದಲ್ಲಿ ೩೩ ಪೈಸೆಯಂತೆ ಕೊಟ್ಟು ಉಳಿದ ಒಂದು ಪೈಸೆಯನ್ನು ಯಾರಿಗೆ ಕೊಡಬೇಕೆಂದು ಯೋಚಿಸಬೇಕಾಗುತ್ತದೆ.

ತೂಕವೂ ಇದೇ ಅಚ್ಚಿನಲ್ಲಿ ಎರಕವಾಗಿತ್ತು. ಸೇರಿಗೆ ನಾಲ್ಕು ಪಾವು, ಪಾವಿಗೆ ನಾಲ್ಕು ಚಟಾಕು. ಎಂದರೆ ಸೇರಿಗೆ ೧೬ ಚಟಾಕು. ರೂಪಾಯಿಗೂ ಹದಿನಾರು ಭಾಗ, ಸೇರಿಗೂ ಹದಿನಾರು ಭಾಗ. ಆದುದರಿಂದ ಸೇರಿಗೆ ಎಷ್ಟು ರೂಪಾಯಿಯೋ ಚಟಾಕಿಗೆ ಅಷ್ಟೇ ಆಣೆ. ಸೇರಿಗೆ ಮೂರು ರೂಪಾಯಿಯ ತುಪ್ಪವಾದರೆ ಚಟಾಕು ತುಪ್ಪಕ್ಕೆ ಮೂರಾಣೆ. ಅಕ್ಷರ ಕಲಿಯದ ಹೆಣ್ಣುಮಗಳೂ ಅಂಗಡಿಯ ಮುಂದೆ ನಿಂತು ಈ ಲೆಕ್ಕವನ್ನು ಕ್ಷಣಮಾತ್ರದಲ್ಲಿ ಮಾಡಬಲ್ಲವಳಾಗಿದ್ದಳು. ಐಗಳ ಮಠಗಳಲ್ಲಿ ಹುಡುಗರು ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಕಂಠಪಾಠ ಮಾಡುತ್ತಿದ್ದುದೂ ಈ ವ್ಯವಹಾರಕ್ಕಾಗಿಯೇ. ಭಾಷೆಯೊಳಗೂ ಈ ಹದಿನಾರು ಇಳಿದಿತ್ತು. ಸಂಪೂರ್ಣ ಸತ್ಯವಾದುದನ್ನು ‘ಹದಿನಾರಾಣೆ ಸತ್ಯ’ ಎನ್ನುವುದು ಆ ಲೆಕ್ಕದ ಮೇಲೆ ಜನರಿಗಿದ್ದ ವಿಶ್ವಾಸದ ಕುರುಹು. ಇಂಥ ಲೆಕ್ಕವನ್ನು ಕಳೆದುಕೊಳ್ಳಲು ಹಿಂಜರಿದವರನ್ನು ಅಜ್ಞಾನಿಗಳೆನ್ನುವುದು ನ್ಯಾಯವಲ್ಲ. ಅವರು ಕೈಯಲ್ಲಿದ್ದ ಒಂದು ವಿದ್ಯೆಯನ್ನು ಕೆಳಗಿಡಲು ಹಿಂಜರಿದರು.

ಹಾಗೆಂದು ಹಳೆಯ ವ್ಯವಸ್ಥೆಯಲ್ಲಿ ದೋಷವಿರಲಿಲ್ಲವೆಂದಲ್ಲ. ದೋಷವಿತ್ತು, ಅದು ದೊಡ್ಡದೂ ಆಗಿತ್ತು. ಸೇರೆಂಬ ಹೆಸರು ಒಂದೇ ಆದರೂ ಊರೂರಿಗೆ ಅದರ ತೂಕ ಬೇರೆ. ಕಚ್ಚಾ ಸೇರು, ಪಕ್ಕಾ ಸೇರು ಎಂಬ ಭೇದ ಬೇರೆ. ಧಾನ್ಯವನ್ನು ಅಳೆಯುವ ಸೇರು ಒಂದಾದರೆ ತೂಗುವ ಸೇರು ಮತ್ತೊಂದು. ಕೊಳಗ, ಖಂಡುಗಗಳ ಸ್ಥಿತಿಯೂ ಇದೇ. ತನ್ನ ಊರಿನಲ್ಲಿ ಚತುರನಾದ ರೈತನು ಪರಊರಿನ ಪೇಟೆಗೆ ಹೋದೊಡನೆ ದಲ್ಲಾಳಿಯ ಕೈಗೆ ಸಿಕ್ಕ ಮಗುವಾಗುತ್ತಿದ್ದನು. ೧೯೫೬ರ ನವೆಂಬರ್ ೧ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳ ಕನ್ನಡ ಪ್ರದೇಶಗಳು ಒಂದೇ ರಾಜ್ಯವಾಗಿ ಕೂಡಿದಾಗ, ಆ ಐದೂ ಕಡೆಯ ಅಳತೆಗಳು ಒಂದೇ ಮನೆಯೊಳಗೆ ಬಂದು ಸೇರಿದವು. ಬದಲಾವಣೆ ಬೇಕಾಗಿತ್ತೆಂಬುದು ನಿರ್ವಿವಾದ. ಪ್ರಶ್ನೆಯಿದ್ದುದು ಅದನ್ನು ತರುವ ರೀತಿಯಲ್ಲಿ.

ಈ ರೀತಿಯ ವಿಷಯದಲ್ಲಿ ಜಗತ್ತಿಗೆ ಮೊದಲ ಪಾಠವನ್ನು ಕಲಿಸಿದ ದೇಶ ಫ್ರಾನ್ಸ್. ಅಲ್ಲಿಯೂ ಕ್ರಾಂತಿಗೆ ಮುಂಚೆ ಪ್ರಾಂತಕ್ಕೊಂದು, ಸಂತೆಗೊಂದು ಅಳತೆಯಿತ್ತು. ೧೭೮೯ರಲ್ಲಿ ಪ್ರಜೆಗಳು ದೊರೆಗೆ ಒಪ್ಪಿಸಿದ ಅಹವಾಲುಗಳಲ್ಲಿ ಅಳತೆಗಳೆಲ್ಲ ಒಂದಾಗಬೇಕೆಂಬ ಬೇಡಿಕೆ ಮತ್ತೆ ಮತ್ತೆ ಬಂದಿದೆ. ಧಾನ್ಯದ ಗೇಣಿಯನ್ನು ಸ್ವೀಕರಿಸುವ ಜಮೀನ್ದಾರನ ಅಳತೆಪಾತ್ರೆ ದೊಡ್ಡದಾಗುತ್ತ ಹೋಗುವುದನ್ನು ಕಂಡಿದ್ದ ರೈತರಿಗೆ ಒಂದೇ ಅಳತೆಯ ಬೆಲೆ ಚೆನ್ನಾಗಿ ತಿಳಿದಿತ್ತು. ಆದುದರಿಂದ ಫ್ರಾನ್ಸಿನ ಜನರು ಬದಲಾವಣೆಯ ವಿರೋಧಿಗಳಾಗಿರಲಿಲ್ಲ; ಬದಲಾವಣೆಯನ್ನು ಬೇಡಿದವರೇ ಅವರು. ಆದರೆ ಅವರು ಬೇಡಿದ್ದೊಂದು, ಅವರಿಗೆ ದೊರೆತದ್ದೊಂದು. ತಮಗೆ ತಿಳಿದಿರುವ ಅಳತೆಗಳಲ್ಲೇ ಒಂದು ಎಲ್ಲೆಡೆಗೂ ನಿಯಮವಾಗಲಿ ಎಂಬುದು ಅವರ ಅಪೇಕ್ಷೆ. ವಿಜ್ಞಾನಿಗಳು ಕೊಟ್ಟುದು ಹಿಂದೆ ಯಾರೂ ಕಂಡು ಕೇಳಿರದ ಮೀಟರನ್ನು. ಭೂಮಿಯ ಧ್ರುವದಿಂದ ಸಮಭಾಜಕವೃತ್ತದವರೆಗಿನ ದೂರದ ಒಂದು ಕೋಟಿಯ ಒಂದು ಭಾಗವೇ ಮೀಟರು. ಇದನ್ನು ನಿರ್ಧರಿಸುವುದಕ್ಕಾಗಿ ಡೆಲಾಂಬ್ರ್ ಮತ್ತು ಮೆಷೆನ್ ಎಂಬ ಇಬ್ಬರು ಖಗೋಳಜ್ಞರು ೧೭೯೨ರಿಂದ ೧೭೯೮ರವರೆಗೆ ಡಂಕರ್ಕ್‌ನಿಂದ ಬಾರ್ಸಿಲೋನದವರೆಗೆ ಭೂಮಾಪನ ನಡೆಸಿದರು. ಮಾನವಬುದ್ಧಿಯ ಮಹಾಸಾಹಸಗಳಲ್ಲಿ ಅದೂ ಒಂದೆಂಬುದರಲ್ಲಿ ಸಂದೇಹವಿಲ್ಲ. ಆದರೆ ತರಕಾರಿ ಮಾರುವವಳಿಗೆ ಧ್ರುವದ ಸುದ್ದಿಯಿಂದ ಆಗಬೇಕಾದುದೇನು?

೧೭೯೫ರ ಏಪ್ರಿಲ್ ೭ರ ಕಾನೂನಿನಿಂದ ಮೀಟರ್, ಲೀಟರ್, ಗ್ರಾಂ ಎಂಬ ಹೆಸರುಗಳು ಬಂದವು. ಅದಕ್ಕೂ ಮುನ್ನವೇ ಕ್ರಾಂತಿಕಾರಿಗಳು ದಶಮಾನದ ಉತ್ಸಾಹದಲ್ಲಿ ಕಾಲವನ್ನೂ ಹತ್ತರಿಂದ ಭಾಗಿಸಲು ಹೊರಟಿದ್ದರು. ದಿನಕ್ಕೆ ಹತ್ತು ಗಂಟೆ, ಗಂಟೆಗೆ ನೂರು ನಿಮಿಷ, ನಿಮಿಷಕ್ಕೆ ನೂರು ಸೆಕೆಂಡು! ವಾರವನ್ನು ತೆಗೆದುಹಾಕಿ ಅದರ ಸ್ಥಾನದಲ್ಲಿ ಹತ್ತು ದಿನಗಳ ಒಂದು ಆವರ್ತವನ್ನು ತಂದರು. ಏಳು ದಿನಕ್ಕೊಮ್ಮೆ ವಿಶ್ರಾಂತಿ ಪಡೆಯುತ್ತಿದ್ದ ಕೂಲಿಕಾರನು ಇನ್ನು ಹತ್ತು ದಿನಕ್ಕೊಮ್ಮೆ ವಿಶ್ರಮಿಸಬೇಕಾಯಿತು. ಈ ಒಂದು ಸಂಗತಿಯನ್ನು ಗಮನಿಸಿದರೆ ಸಾಕು, ಜನರ ವಿರೋಧಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ. ದಶಮಾನ ಗಡಿಯಾರವು ಎರಡು ವರ್ಷವೂ ಬಾಳಲಿಲ್ಲ. ಮೀಟರಿನ ಕಾನೂನು ಬಂದ ದಿನವೇ ಅದನ್ನು ಕಡ್ಡಾಯವಾಗಿ ಬಳಸಬೇಕೆಂಬ ನಿಯಮವನ್ನು ಅಮಾನತಿನಲ್ಲಿಟ್ಟರು. ಹೊಸ ಪಂಚಾಂಗವು ೧೮೦೬ರ ಜನವರಿ ೧ಕ್ಕೆ ಕೊನೆಗೊಂಡಿತು.

ಮೀಟರಿನ ಪಾಡು ಇಷ್ಟು ಕೆಟ್ಟುಹೋಗಲಿಲ್ಲವಾದರೂ ಅದರ ದಾರಿಯೂ ಸುಗಮವಾಗಿರಲಿಲ್ಲ. ಕಾನೂನು ಪುಸ್ತಕದಲ್ಲಿ ಹೊಸ ಅಳತೆ, ಸಂತೆಯಲ್ಲಿ ಹಳೆಯ ಅಳತೆ ಎಂಬ ಸ್ಥಿತಿ ವರ್ಷಗಟ್ಟಲೆ ನಡೆಯಿತು. ೧೮೧೨ರ ಫೆಬ್ರವರಿಯಲ್ಲಿ ನೆಪೋಲಿಯನ್ನನು ಒಂದು ಮಧ್ಯಮಾರ್ಗವನ್ನು ಘೋಷಿಸಿದನು. ಅಧಿಕೃತ ಮೂಲಮಾನವು ಮೀಟರು ಕಿಲೋಗ್ರಾಂಗಳೇ; ಆದರೆ ಚಿಲ್ಲರೆ ವ್ಯಾಪಾರಕ್ಕಾಗಿ ಹಳೆಯ ಹೆಸರುಗಳನ್ನು ಹೊಸ ಪ್ರಮಾಣದಲ್ಲಿ ಬಳಸಬಹುದು. ‘ಲೀವ್ರ್’ ಎಂಬ ಹಳೆಯ ತೂಕವು ೫೦೦ ಗ್ರಾಂ ಆಯಿತು, ಅದಕ್ಕೆ ಹಿಂದಿನಂತೆ ಹದಿನಾರು ಭಾಗ. ‘ತ್ವಾಸ್’ ಎಂಬ ಹಳೆಯ ಉದ್ದವು ಎರಡು ಮೀಟರಾಯಿತು, ಅದಕ್ಕೆ ಆರು ಅಡಿ. ವಿಜ್ಞಾನಿಗಳು ಇದನ್ನು ಹಿಮ್ಮೆಟ್ಟುವಿಕೆ ಎಂದೇ ಬಗೆದರು. ದಶಮಾನದ ಶುದ್ಧತೆಗೆ ಇದರಿಂದ ಭಂಗ ಬಂದುದೂ ನಿಜವೇ. ಆದರೆ ಸೂಕ್ಷ್ಮವಾಗಿ ನೋಡಿದರೆ ಇಲ್ಲೊಂದು ಜಾಣ್ಮೆಯೂ ಇದೆ. ಜನರಿಗೆ ಬೇಕಾಗಿದ್ದುದು ಹೆಸರು ಮತ್ತು ಅರ್ಧ ಕಾಲುಗಳ ಭಾಗ. ರಾಜ್ಯಕ್ಕೆ ಬೇಕಾಗಿದ್ದುದು ಎಲ್ಲೆಡೆ ಒಂದೇ ಪ್ರಮಾಣ. ಎರಡೂ ಪಕ್ಷಗಳಿಗೆ ತಮಗೆ ಮುಖ್ಯವಾದುದು ದೊರೆಯಿತು. ಹೀಗೆ ಕಾಲು ಶತಮಾನ ಕಳೆದ ಮೇಲೆ ೧೮೩೭ರ ಕಾನೂನು ೧೮೪೦ರ ಜನವರಿ ೧ರಿಂದ ಶುದ್ಧ ಮೆಟ್ರಿಕ್ ಪದ್ಧತಿಯನ್ನು ಕಡ್ಡಾಯಗೊಳಿಸಿತು. ಆಮೇಲೆ ಫ್ರಾನ್ಸ್ ಅದನ್ನು ಬಿಡಲಿಲ್ಲ. ಕಾನೂನು ಆ ಹಳೆಯ ಹೆಸರನ್ನು ತೆಗೆದುಹಾಕಿ ಇಷ್ಟು ಕಾಲವಾದರೂ ಅರ್ಧ ಕಿಲೋಗೆ ‘ಲೀವ್ರ್’ ಎನ್ನುವ ರೂಢಿ ಅಲ್ಲಿನ ಸಂತೆಗಳಲ್ಲಿ ಇಂದಿಗೂ ಕೇಳಿಬರುತ್ತದೆ.

ಭಾರತದಲ್ಲಿ ಮೊದಲ ಪ್ರಯತ್ನ ಬ್ರಿಟಿಷರ ಕಾಲದಲ್ಲೇ ನಡೆಯಿತು. ೧೮೭೧ರ ಒಂದು ಕಾನೂನು ‘ಸೇರು’ ಎಂಬ ಹೆಸರನ್ನು ಇಟ್ಟುಕೊಂಡು ಅದರ ತೂಕವನ್ನು ಒಂದು ಕಿಲೋಗ್ರಾಂಗೆ ಸರಿದೂಗಿಸಿತ್ತು. ಫ್ರಾನ್ಸಿನ ಮಧ್ಯಮಾರ್ಗದ ಪ್ರತಿಬಿಂಬವೇ ಇದು. ಆದರೆ ಆ ಕಾನೂನು ಕಡತದಲ್ಲೇ ಉಳಿಯಿತು, ಜಾರಿಗೆ ಬರಲೇ ಇಲ್ಲ. ಆದುದರಿಂದ ಜನರು ಅದನ್ನು ವಿರೋಧಿಸಿದರೆಂದು ಹೇಳುವಂತೆಯೂ ಇಲ್ಲ. ಎಷ್ಟೋ ಸುಧಾರಣೆಗಳು ಜನರ ಪ್ರತಿರೋಧದಿಂದ ಸತ್ತವೆಂದು ದಾಖಲೆಯಾಗಿರುತ್ತವೆ. ಅವುಗಳಲ್ಲಿ ಜನರ ಬಾಗಿಲಿಗೆ ಬಂದವು ಎಷ್ಟೆಂದು ಯಾರಾದರೂ ಎಣಿಸಿದರೆ ಒಳ್ಳೆಯದು.

ಸ್ವಾತಂತ್ರ್ಯಾನಂತರ ೧೯೫೫ರಲ್ಲಿ ನಾಣ್ಯ ಕಾನೂನಿಗೆ ತಿದ್ದುಪಡಿಯಾಗಿ, ೧೯೫೭ರ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ನಯಾ ಪೈಸೆಯೆಂಬ ಲೆಕ್ಕ ಜಾರಿಗೆ ಬಂದಿತು. ಈ ಯೋಜನೆಯಲ್ಲಿ ಬದಲಾಯಿಸಿದುದಕ್ಕಿಂತ ಬದಲಾಯಿಸದೆ ಬಿಟ್ಟುದೇ ಹೆಚ್ಚು ಗಮನಾರ್ಹವಾಗಿದೆ. ಮೊದಲನೆಯದಾಗಿ, ರೂಪಾಯಿಯನ್ನು ಮುಟ್ಟಲಿಲ್ಲ. ಸಂಬಳ, ಸಾಲ, ಕಂದಾಯ, ಉಳಿತಾಯ ಇವೆಲ್ಲವೂ ರೂಪಾಯಿಯಲ್ಲೇ ಇದ್ದುದರಿಂದ ಮನೆಯ ಕಂಬ ಅಲುಗದೆ ತೊಲೆ ಜಂತಿಗಳು ಮಾತ್ರ ಬದಲಾದಂತಾಯಿತು. ಎರಡನೆಯದಾಗಿ, ಎಂಟಾಣೆ ನಾಲ್ಕಾಣೆಗಳಿಗೆ ಸರಿಸಮನಾದ ೫೦ ಮತ್ತು ೨೫ ಪೈಸೆಯ ನಾಣ್ಯಗಳನ್ನು ಹೊರತಂದರು. ಶುದ್ಧ ದಶಮಾನದ ದೃಷ್ಟಿಯಿಂದ ೨೫ಕ್ಕಿಂತ ೨೦ರ ನಾಣ್ಯವೇ ಹೆಚ್ಚು ಸಮಂಜಸ. ಆದರೆ ಜನರ ಕೈ ಅರ್ಧಕ್ಕೆ, ಕಾಲಿಗೆ ಒಗ್ಗಿತ್ತು. ನಾಣ್ಯವು ಆ ಕೈಗೆ ಹೊಂದಿಕೊಂಡಿತು. ೨೦ ಪೈಸೆಯ ನಾಣ್ಯ ಬಂದುದು ೧೯೬೮ರಲ್ಲಿ, ಜನರು ನೂರರ ಲೆಕ್ಕಕ್ಕೆ ಹೊಂದಿಕೊಂಡ ಮೇಲೆ. ಮೂರನೆಯದಾಗಿ, ಹಳೆಯ ನಾಣ್ಯಗಳನ್ನು ಒಮ್ಮೆಲೇ ರದ್ದುಮಾಡದೆ ಕೆಲವು ವರ್ಷ ಹೊಸವುಗಳ ಜೊತೆಗೇ ಓಡಾಡಲು ಬಿಟ್ಟರು. ಹೊಸ ನಾಣ್ಯಗಳ ಮೇಲೆ ಸಂಖ್ಯೆಯೊಂದನ್ನೇ ಅಚ್ಚೊತ್ತದೆ ‘ರೂಪಾಯಿಯ ನೂರನೆಯ ಭಾಗ’, ‘ರೂಪಾಯಿಯ ಹತ್ತನೆಯ ಭಾಗ’ ಎಂಬರ್ಥದ ಹಿಂದಿ ಬರಹವನ್ನೂ ಸೇರಿಸಿದ್ದರು. ತಿಳಿದಿರುವ ರೂಪಾಯಿಯ ಮೂಲಕ ತಿಳಿಯದ ಪೈಸೆಯನ್ನು ಪರಿಚಯಿಸುವ ಕ್ರಮವಿದು. ಹಿಂದಿ ಓದಲು ಬಾರದ ಕನ್ನಡಿಗನಿಗೆ ಈ ಬರಹದಿಂದ ಹೆಚ್ಚಿನ ಉಪಕಾರವಾಗಿರಲಾರದು ಎಂಬುದನ್ನೂ ಒಪ್ಪಬೇಕು. ‘ನಯಾ’ ಎಂಬ ವಿಶೇಷಣವಾದರೂ ೬೪ಕ್ಕೊಂದರ ಹಳೆಯ ಪೈಸೆಯೊಡನೆ ಗೊಂದಲವಾಗದಿರಲೆಂದು ಸೇರಿಸಿದ್ದು. ಹಳೆಯದು ಕಣ್ಮರೆಯಾದ ಮೇಲೆ ೧೯೬೪ರ ಜೂನ್ ೧ರಿಂದ ಅದನ್ನು ಕೈಬಿಟ್ಟರು.

ಇಷ್ಟಾದರೂ ನೋವಾಗಲಿಲ್ಲವೆಂದಲ್ಲ. ನೋವಾದ ಸ್ಥಳವನ್ನು ಒಂದು ಸಣ್ಣ ಲೆಕ್ಕದಿಂದ ಗುರುತಿಸಬಹುದು. ಒಂದಾಣೆಗೆ ಸರಿಯಾದ ಬೆಲೆ ೬.೨೫ ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲದ ಕಾರಣ, ಅರ್ಧ ಅಥವಾ ಅದಕ್ಕಿಂತ ಕಡಿಮೆಯಾದ ಭಾಗವನ್ನು ಬಿಡುವುದು, ಅರ್ಧಕ್ಕೆ ಮೀರಿದ ಭಾಗವನ್ನು ಒಂದಾಗಿ ಹಿಡಿಯುವುದು ಎಂಬ ನಿಯಮ ಮಾಡಿದರು. ಅದರಂತೆ ೧ ಆಣೆಗೆ ೬ ಪೈಸೆ, ೨ಕ್ಕೆ ೧೨, ೩ಕ್ಕೆ ೧೯, ೪ಕ್ಕೆ ೨೫, ೫ಕ್ಕೆ ೩೧, ೬ಕ್ಕೆ ೩೭, ೭ಕ್ಕೆ ೪೪, ೮ಕ್ಕೆ ೫೦. ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು ಎಂದು ಕಲಿತವನು ಮೂರಾಣೆಗೆ ಹದಿನೆಂಟು ಎಂದರೆ ತಪ್ಪು! ಆರು, ಆರು, ಏಳು, ಆರು ಎಂದು ಕುಂಟುತ್ತ ಸಾಗುವ ಈ ಕೋಷ್ಟಕವನ್ನು ಕಂಡು ಜನರು ಸಂದೇಹಪಟ್ಟರೆ ಆ ಸಂದೇಹವು ಗಣಿತದ ಆಧಾರದ ಮೇಲೆಯೇ ನಿಂತಿತ್ತು.

ಈ ಕುಂಟುನಡೆಯ ಭಾರವು ಎಲ್ಲರ ಮೇಲೂ ಸಮನಾಗಿ ಬೀಳುವಂಥದಲ್ಲ. ಒಮ್ಮೆಗೇ ಒಂದು ರೂಪಾಯಿಯ ಸಾಮಾನು ಕೊಳ್ಳುವವನಿಗೆ ಹಳೆಯ ಲೆಕ್ಕವೂ ಒಂದೇ, ಹೊಸ ಲೆಕ್ಕವೂ ಒಂದೇ. ದಿನಗೂಲಿಯವನು ಹಾಗಲ್ಲ. ಅವನು ಒಂದಾಣೆಯ ಎಣ್ಣೆ, ಒಂದಾಣೆಯ ಬೆಲ್ಲ, ಒಂದಾಣೆಯ ಚಹಾಪುಡಿ ಎಂದು ಕೊಳ್ಳುವವನು. ಹದಿನಾರು ಬಾರಿ ಹೀಗೆ ಕೊಂಡಾಗ ಅಂಗಡಿಯವನು ಪ್ರತಿಸಲವೂ ನಿಯಮದಂತೆ ೬ ಪೈಸೆ ತೆಗೆದುಕೊಂಡರೆ ಒಟ್ಟು ೯೬ ಪೈಸೆಯಾಗಿ ಅಂಗಡಿಯವನಿಗೆ ೪ ಪೈಸೆ ನಷ್ಟ. ನಷ್ಟವನ್ನು ಒಪ್ಪದೆ ಅವನು ೭ ಪೈಸೆ ಕೇಳಿದನೋ, ೧ ರೂಪಾಯಿ ೧೨ ಪೈಸೆಯಾಗಿ ಕೊಳ್ಳುವವನಿಗೆ ೧೨ ಪೈಸೆ ನಷ್ಟ. ಎರಡು ಪಕ್ಷಗಳಲ್ಲಿ ಯಾರ ಮಾತು ನಡೆಯುವುದೆಂಬುದನ್ನು ಊಹಿಸಲು ಅರ್ಥಶಾಸ್ತ್ರ ಓದಬೇಕಾಗಿಲ್ಲ. ರಾಷ್ಟ್ರದ ಲೆಕ್ಕದಲ್ಲಿ ಕಾಲು ಪೈಸೆ ಎಂಬುದು ಶೂನ್ಯ. ಒಲೆಯ ಮುಂದೆ ಕುಳಿತವಳ ಲೆಕ್ಕದಲ್ಲಿ ಅದು ಒಂದು ಹೊತ್ತಿನ ಒಗ್ಗರಣೆ. ‘ಹೊಸ ದುಡ್ಡು ಬಂದು ಎಲ್ಲ ತುಟ್ಟಿಯಾಯಿತು’ ಎಂದು ಯಾರಾದರೂ ಗೊಣಗಿದರೆ ಅದು ನವೀನತೆಯ ದ್ವೇಷವಲ್ಲ, ಒಂದು ವರದಿ. ಆಡಳಿತಗಾರನು ಅದನ್ನು ವರದಿಯೆಂದು ಓದಿಕೊಂಡರೆ ಎಲ್ಲಿ ಪರಿವರ್ತನ ಕೋಷ್ಟಕ ತೂಗುಹಾಕಬೇಕು, ಎಲ್ಲಿ ಅಂಗಡಿ ತಪಾಸಣೆ ಮಾಡಬೇಕು ಎಂಬುದು ಅವನಿಗೆ ತಿಳಿಯುತ್ತದೆ. ದ್ವೇಷವೆಂದು ಓದಿಕೊಂಡರೆ ಭಾಷಣವೊಂದೇ ಉಳಿಯುತ್ತದೆ.

ಹೈದರಾಬಾದು ಸಂಸ್ಥಾನದಿಂದ ಬಂದ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳವರ ಕಷ್ಟವು ಇಮ್ಮಡಿಯಾಗಿತ್ತು. ಅಲ್ಲಿ ನಿಜಾಮರ ‘ಹಾಲಿ’ ರೂಪಾಯಿ ನಡೆಯುತ್ತಿದ್ದು, ೭ ಹಾಲಿ ರೂಪಾಯಿಗೆ ೬ ಭಾರತೀಯ ರೂಪಾಯಿ ಎಂಬ ದರವಿತ್ತು. ಆ ನಾಣ್ಯವನ್ನು ಹಿಂತೆಗೆದುಕೊಂಡುದೂ ೧೯೫೦ರ ದಶಕದಲ್ಲೇ. ಏಳಕ್ಕೆ ಆರು ಎಂಬ ಲೆಕ್ಕದ ಬೆನ್ನಿಗೇ ಹದಿನಾರಕ್ಕೆ ನೂರು ಎಂಬ ಲೆಕ್ಕವನ್ನು ಹೊತ್ತ ಆ ಜನರ ತಾಳ್ಮೆಯನ್ನು ಇತಿಹಾಸಕಾರರು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ.

ನಾಣ್ಯದ ಹಿಂದೆ ತೂಕ ಬಂದಿತು. ೧೯೫೬ರ ಡಿಸೆಂಬರಿನಲ್ಲಿ ತೂಕ ಮತ್ತು ಅಳತೆಗಳ ಕಾನೂನು ಅಂಗೀಕಾರವಾಗಿ, ೧೯೫೮ರ ಅಕ್ಟೋಬರ್ ೧ರಿಂದ ಆಯ್ದ ಪ್ರದೇಶಗಳಲ್ಲಿ ಕಿಲೋಗ್ರಾಂ ಬಳಕೆಗೆ ಬಂದಿತು. ಅಲ್ಲಿ ಸ್ವಲ್ಪ ಕಾಲ ಹಳೆಯದೂ ಹೊಸದೂ ಎರಡೂ ನಡೆಯಬಹುದಾಗಿತ್ತು. ೧೯೬೨ರ ಏಪ್ರಿಲ್ ವೇಳೆಗೆ ತೂಕದ ಬದಲಾವಣೆ ಇಡೀ ದೇಶವನ್ನು ಮುಟ್ಟಿತು. ಒಂದೇ ರಾತ್ರಿಯಲ್ಲಿ ನಡೆದ ಕಾರ್ಯವಲ್ಲ ಇದು. ಪ್ರದೇಶದ ನಂತರ ಪ್ರದೇಶ, ಒಂದು ಉದ್ಯಮದ ನಂತರ ಇನ್ನೊಂದು ಉದ್ಯಮ ಎಂದು ಹಂತಹಂತವಾಗಿ ಸಾಗಿತು.

ಆದರೆ ಈ ಹಂತಗಳಲ್ಲೇ ಒಂದು ತೊಡಕಿತ್ತು. ೧೯೫೭ರಲ್ಲಿ ರೂಪಾಯಿಗೆ ನೂರು ಭಾಗವಾಯಿತು. ಸೇರಿಗೆ ಮಾತ್ರ ಇನ್ನೂ ಹದಿನಾರೇ. ಸೇರಿಗೆ ರೂಪಾಯಿಯಂತೆ ಕೊಳ್ಳುವವನಿಗೆ ಚಟಾಕಿಗೆ ೧ ಆಣೆ ಎಂಬ ಹಳೆಯ ಸುಲಭ ಲೆಕ್ಕ ಕೈತಪ್ಪಿತು. ಕಿಲೋಗೆ ರೂಪಾಯಿಯಾದರೆ ೧೦೦ ಗ್ರಾಂಗೆ ೧೦ ಪೈಸೆ ಎಂಬ ಹೊಸ ಸುಲಭ ಲೆಕ್ಕ ಇನ್ನೂ ಕೈಗೆ ಬಂದಿರಲಿಲ್ಲ. ದಶಮಾನದ ಗುಣವು ನಾಣ್ಯವೂ ತೂಕವೂ ಎರಡೂ ದಶಮಾನವಾದಾಗಲೇ ಪ್ರಕಟವಾಗುವಂಥದು. ನಡುವಣ ವರ್ಷಗಳಲ್ಲಿ ಜನರ ಪಾಲಿಗೆ ಬಂದುದು ಖರ್ಚು ಮಾತ್ರ, ಬರವಾಗಿರಲಿಲ್ಲ. ಬಹುಪಾಲು ಬದಲಾವಣೆಗಳ ಗತಿಯೂ ಇದೇ: ನಷ್ಟವು ಮೊದಲ ದಿನವೇ ಬಂದು ಬಾಗಿಲು ತಟ್ಟುತ್ತದೆ, ಲಾಭವು ದೂರದ ದಾರಿಯಲ್ಲಿ ನಡೆದು ಬರುತ್ತಿರುತ್ತದೆ. ಲಾಭ ಬರುವುದಕ್ಕೆ ಮುಂಚೆ ಜನರು ಗೊಣಗಿದರೆ ಅವರಿಗೆ ದೂರದೃಷ್ಟಿಯಿಲ್ಲವೆಂದು ದೂರುವ ಬದಲು ಆ ದಾರಿಯನ್ನು ಹತ್ತಿರ ಮಾಡುವುದೇ ಆಳುವವರ ಕರ್ತವ್ಯ.

ಕಿಲೋ ಬಂದಾಗಲೂ ಒಂದು ಹೊಸ ಸಂದೇಹ ಹುಟ್ಟಿತು. ಎಂಬತ್ತು ತೊಲದ ಸೇರು ಸುಮಾರು ೯೩೩ ಗ್ರಾಂ. ಕಿಲೋ ಅದಕ್ಕಿಂತ ೬೭ ಗ್ರಾಂ ಹೆಚ್ಚು. ಆದುದರಿಂದ ಸೇರಿಗೆ ಒಂದು ರೂಪಾಯಿಯಿದ್ದ ವಸ್ತು ಕಿಲೋಗೆ ೧ ರೂಪಾಯಿ ೭ ಪೈಸೆಯಾಗುವುದು ನ್ಯಾಯ. ಅಂಗಡಿಯವನು ೧ ರೂಪಾಯಿ ೧೨ ಪೈಸೆ ಕೇಳಿದರೆ ಅದರಲ್ಲಿ ತೂಕದ ಪಾಲೆಷ್ಟು, ಲೋಭದ ಪಾಲೆಷ್ಟು ಎಂದು ಬೇರ್ಪಡಿಸುವವರು ಯಾರು? ಎಂಬತ್ತು ತೊಲಕ್ಕಿಂತ ಚಿಕ್ಕ ಸೇರು ರೂಢಿಯಲ್ಲಿದ್ದ ಊರುಗಳಲ್ಲಿ ಈ ಲೆಕ್ಕ ಇನ್ನೂ ಬಿಗಡಾಯಿಸುತ್ತಿತ್ತು.

ಇಲ್ಲಿಯೂ ಜನರು ಹೊಸದನ್ನು ತಮ್ಮ ರೀತಿಯಲ್ಲಿ ಒಳಗೆ ಬಿಟ್ಟುಕೊಂಡರು. ಕಿಲೋಗ್ರಾಂ ಎಂಬ ಉದ್ದ ಹೆಸರು ಕಿಲೋ ಆಯಿತು, ಕೆ.ಜಿ. ಆಯಿತು. ಇನ್ನೂರೈವತ್ತು ಗ್ರಾಂ ಎನ್ನುವುದರ ಬದಲು ಕಾಲು ಕೆ.ಜಿ. ಎಂದರು, ಉತ್ತರ ಕರ್ನಾಟಕದಲ್ಲಿ ‘ಪಾವು ಕಿಲೋ’ ಎಂದರು. ಹಳೆಯ ಸೇರಿನ ಪಾವು ಹೀಗೆ ಹೊಸ ಕಿಲೋನ ಮನೆಯಲ್ಲಿ ಆಶ್ರಯ ಪಡೆಯಿತು. ೨೫ ಪೈಸೆಯ ನಾಣ್ಯವು ಬಾಳಿದಷ್ಟು ಕಾಲವೂ ಬಾಯಲ್ಲಿ ನಾಲ್ಕಾಣೆಯೇ ಆಗಿತ್ತು, ಕೆಲವೆಡೆ ಪಾವಲಿಯಾಗಿತ್ತು. ದಶಮಾನ ಪದ್ಧತಿಯ ಶುದ್ಧವಾದಿಗಳಿಗೆ ಇದು ಸೋಲಿನಂತೆ ಕಂಡೀತು. ವಾಸ್ತವವಾಗಿ ಹೊಸ ಪದ್ಧತಿ ಬೇರೂರಿದುದಕ್ಕೆ ಇದೇ ಸಾಕ್ಷಿ. ಪರಕೀಯವಾಗಿ ಉಳಿದ ವಸ್ತುವಿಗೆ ಯಾರೂ ಮನೆಯ ಹೆಸರಿಡುವುದಿಲ್ಲ.

ಜನರ ಪ್ರತಿರೋಧವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದ ಮನೋವಿಜ್ಞಾನಿಗಳೂ ಇದನ್ನೇ ಹೋಲುವ ನಿರ್ಣಯಕ್ಕೆ ಬಂದಿದ್ದಾರೆ. ಜರ್ಮನಿಯಿಂದ ಅಮೆರಿಕೆಗೆ ವಲಸೆ ಹೋದ ಕರ್ಟ್ ಲೆವಿನ್ ಎಂಬ ವಿದ್ವಾಂಸನ ಪ್ರಕಾರ ಯಾವುದೇ ರೂಢಿಯು ಎರಡು ಬಲಗಳ ನಡುವೆ ನಿಂತಿರುತ್ತದೆ: ಮುಂದಕ್ಕೆ ತಳ್ಳುವ ಬಲ, ತಡೆದು ನಿಲ್ಲಿಸುವ ಬಲ. ತಳ್ಳುವ ಬಲವನ್ನು ಹೆಚ್ಚಿಸಿದರೂ ಚಲನೆಯುಂಟಾಗುತ್ತದೆ, ಆದರೆ ಅದರೊಡನೆ ಬಿಗುವೂ ಹೆಚ್ಚುತ್ತದೆ. ತಡೆಯುವ ಕಾರಣಗಳನ್ನು ಒಂದೊಂದಾಗಿ ಸಡಿಲಿಸಿದರೆ ಅದೇ ಚಲನೆಯು ಕಡಿಮೆ ಬಿಗುವಿನಿಂದ ಸಾಧ್ಯವಾಗುತ್ತದೆ. ಎತ್ತಿನ ಗಾಡಿ ಹೊಡೆದವರಿಗೆ ಇದು ಹೊಸ ಮಾತಲ್ಲ. ಚಕ್ರದ ಮುಂದೆ ಕಲ್ಲಿದ್ದಾಗ ಬಾರುಕೋಲು ಬೀಸುವುದಕ್ಕಿಂತ ಕಲ್ಲು ತೆಗೆಯುವುದು ಮೇಲು. ಲೆವಿನ್ನನ ವಿಚಾರಧಾರೆಗೆ ಸೇರಿದ ಕಾಕ್ ಮತ್ತು ಫ್ರೆಂಚ್ ಎಂಬಿಬ್ಬರು ೧೯೪೮ರಲ್ಲಿ ವರ್ಜೀನಿಯದ ಒಂದು ಸಿದ್ಧ ಉಡುಪಿನ ಕಾರ್ಖಾನೆಯ ಅನುಭವವನ್ನು ಪ್ರಕಟಿಸಿದರು. ಕೆಲಸದ ಕ್ರಮ ಬದಲಾದಾಗ ಆಜ್ಞೆ ಮಾತ್ರ ಪಡೆದ ಗುಂಪಿನಲ್ಲಿ ಉತ್ಪಾದನೆ ಕುಸಿದು ಕೆಲವರು ಕೆಲಸವನ್ನೇ ಬಿಟ್ಟರು. ಬದಲಾವಣೆಯನ್ನು ಯೋಜಿಸುವುದರಲ್ಲಿ ಪಾಲ್ಗೊಂಡ ಗುಂಪುಗಳು ಬೇಗನೆ ಚೇತರಿಸಿಕೊಂಡು ಮೊದಲಿಗಿಂತ ಹೆಚ್ಚು ಕೆಲಸ ಮಾಡಿದವು. ಕಾರ್ಖಾನೆಯ ಮಾತು ದೇಶಕ್ಕೆ ಹಾಗೆಯೇ ಅನ್ವಯಿಸುವುದಿಲ್ಲ. ಕೋಟ್ಯಂತರ ಜನರನ್ನು ಕೂರಿಸಿಕೊಂಡು ನಾಣ್ಯದ ಆಕಾರವನ್ನು ಚರ್ಚಿಸಲಾಗದು. ಆದರೆ ಅವರ ಕೈಯ ಅಭ್ಯಾಸವನ್ನು ಗಮನಿಸಿ ಕಾಲು ರೂಪಾಯಿಯ ನಾಣ್ಯವನ್ನು ಉಳಿಸಿಕೊಳ್ಳುವುದೂ ಅವರ ಮಾತನ್ನು ಕೇಳುವ ಒಂದು ಬಗೆ.

ಬ್ರಿಟನ್ನು ಭಾರತಕ್ಕಿಂತ ಹದಿನಾಲ್ಕು ವರ್ಷ ತಡವಾಗಿ, ೧೯೭೧ರ ಫೆಬ್ರವರಿ ೧೫ರಂದು ದಶಮಾನ ನಾಣ್ಯಕ್ಕೆ ಬಂದಿತು. ಭಾರತವು ರೂಪಾಯಿಯನ್ನು ಮುಟ್ಟದಂತೆ ಅಲ್ಲಿ ಪೌಂಡನ್ನು ಮುಟ್ಟಲಿಲ್ಲ. ಆರು ಪೆನ್ನಿಯ ನಾಣ್ಯವನ್ನು ಬೇಗ ತೆಗೆದುಹಾಕುವ ಯೋಜನೆಯಿದ್ದಿತು. ಜನರು ಅದನ್ನು ಉಳಿಸಬೇಕೆಂದು ಚಳುವಳಿಯನ್ನೇ ಮಾಡಿದರು. ಹೊಸ ಲೆಕ್ಕದಲ್ಲಿ ಅದರ ಬೆಲೆ ಎರಡೂವರೆ ಪೆನ್ನಿ ಎಂಬ ಅಡ್ಡತಿಡ್ಡ ಸಂಖ್ಯೆಯಾದರೂ ಸರಕಾರವು ಮಣಿದು ಅದನ್ನು ೧೯೮೦ರವರೆಗೆ ನಡೆಯಗೊಟ್ಟಿತು. ಇದರಿಂದ ದಶಮಾನಕ್ಕೆ ಯಾವ ಹಾನಿಯೂ ಆಗಲಿಲ್ಲ. ಅಮೆರಿಕೆಯ ಮಾರ್ಗ ಇದಕ್ಕೆ ವಿರುದ್ಧ. ೧೯೭೫ರಲ್ಲಿ ಅದು ಮೆಟ್ರಿಕ್ ಅಳತೆಗೆ ಹೋಗುವ ಕಾನೂನು ಮಾಡಿ ಎಲ್ಲವನ್ನೂ ಜನರ ಇಚ್ಛೆಗೆ ಬಿಟ್ಟಿತು. ಅದಕ್ಕಾಗಿ ರಚಿಸಿದ ಮಂಡಳಿಯನ್ನು ೧೯೮೨ರಲ್ಲಿ ಮುಚ್ಚಿದರು. ಹಿಂಜರಿಕೆಯನ್ನು ಗೌರವಿಸುವುದೆಂದರೆ ಅದಕ್ಕೆ ಶರಣಾಗುವುದೆಂದು ತಿಳಿದರೆ ಹೀಗಾಗುತ್ತದೆ. ಅಂಗಡಿಯವನು ಕಲ್ಲು ಬದಲಾಯಿಸುವವರೆಗೆ ಗಿರಾಕಿ ಕಾಯುತ್ತಾನೆ, ಗಿರಾಕಿ ಕೇಳುವವರೆಗೆ ಅಂಗಡಿಯವನು ಕಾಯುತ್ತಾನೆ. ಮೊದಲ ಹೆಜ್ಜೆಯಿಡುವವನಿಗೆ ನಷ್ಟ ಖಂಡಿತ. ದಿನಾಂಕ ಗೊತ್ತುಮಾಡುವುದು ಕಾನೂನಿನ ಕೆಲಸ, ಆ ದಿನಾಂಕದವರೆಗಿನ ದಾರಿಯನ್ನು ನಡೆಯಲು ಯೋಗ್ಯವಾಗಿಸುವುದೂ ಅದರದೇ ಕೆಲಸ.

೨೫ ಪೈಸೆ ಮತ್ತು ಅದಕ್ಕಿಂತ ಕಡಿಮೆ ಬೆಲೆಯ ನಾಣ್ಯಗಳು ೨೦೧೧ರ ಜೂನ್ ೩೦ರ ಬಳಿಕ ಚಲಾವಣೆಯಿಂದ ಹೋದವು. ಆಣೆಯನ್ನು ನೂಕಿದ ಪೈಸೆಯನ್ನು ಬೆಲೆಯೇರಿಕೆ ನೂಕಿತು. ಯಾರೂ ಚಳುವಳಿ ಮಾಡಲಿಲ್ಲ, ಏಕೆಂದರೆ ಆ ನಾಣ್ಯದಿಂದ ಕೊಳ್ಳಬಹುದಾದ ವಸ್ತು ಆ ವೇಳೆಗೆ ಯಾವುದೂ ಉಳಿದಿರಲಿಲ್ಲ. ಭೂಮಿಯ ಅಳತೆಯಾದರೋ ಇನ್ನೂ ಮಣಿದಿಲ್ಲ. ಕಾನೂನಿನ ಪ್ರಕಾರ ಹೆಕ್ಟೇರು ಬಂದು ದಶಕಗಳೇ ಕಳೆದರೂ ಕರ್ನಾಟಕದ ಪಹಣಿಯಲ್ಲಿ ಎಕರೆ ಗುಂಟೆಗಳೇ ನಡೆಯುತ್ತಿವೆ. ನಲವತ್ತು ಗುಂಟೆಗೆ ಒಂದು ಎಕರೆ. ಹಿಂದೆ ಮದರಾಸು ಆಡಳಿತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಗುಂಟೆಯೂ ಇಲ್ಲ, ಎಕರೆ ಸೆಂಟ್ಸು. ನೂರು ಸೆಂಟ್ಸಿಗೆ ಒಂದು ಎಕರೆ. ಇದಕ್ಕೆ ಕಾರಣ ಹುಡುಕುವುದು ಕಠಿಣವಲ್ಲ. ಉಪ್ಪನ್ನು ದಿನವೂ ಕೊಳ್ಳುತ್ತಾರೆ, ಇಂದು ತಪ್ಪಿದ ಲೆಕ್ಕವನ್ನು ನಾಳೆ ಸರಿಪಡಿಸಿಕೊಳ್ಳಬಹುದು. ಹೊಲವನ್ನು ತಲೆಮಾರಿಗೊಮ್ಮೆ ಪಾಲು ಮಾಡುತ್ತಾರೆ. ತಾತನ ಪತ್ರದಲ್ಲಿ ಮೂರು ಎಕರೆ ಹನ್ನೆರಡು ಗುಂಟೆ ಎಂದಿದ್ದುದು ಮೊಮ್ಮಗನ ಪತ್ರದಲ್ಲಿ ಬೇರೊಂದು ಸಂಖ್ಯೆಯಾದರೆ ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲೇರುತ್ತಾರೆ. ಚಿನ್ನವನ್ನು ಗ್ರಾಂನಲ್ಲಿ ತೂಗಿಸಿಕೊಂಡು ತೊಲದಲ್ಲಿ ಮಾತನಾಡುವವರು ಈಗಲೂ ಇದ್ದಾರೆ. ಕಡಲೆಕಾಯಿ ಪರಿಷೆಯಲ್ಲಿ ಸೇರಿನ ಲೆಕ್ಕ ಕೇಳಿಬರುತ್ತದೆ, ಮನೆಗಳಲ್ಲಿ ಅನ್ನಕ್ಕೆ ಪಾವು ಅಕ್ಕಿ ಇಡುತ್ತಾರೆ. ಹೂ ಮಾರುವವಳು ಮೊಳಕೈ ಮಡಿಸಿ ಮಲ್ಲಿಗೆಯನ್ನು ಅಳೆಯುತ್ತಾಳೆ, ಕೊಳ್ಳುವವಳು ‘ನಿನ್ನ ಕೈ ಚಿಕ್ಕದು, ಇನ್ನೊಂದು ಗೇಣು ಸೇರಿಸಮ್ಮ’ ಎನ್ನುತ್ತಾಳೆ. ಹೂವಾಡಗಿತ್ತಿ ನಕ್ಕು ಒಂದು ತುಂಡು ಸೇರಿಸಿ ಕತ್ತರಿಸುತ್ತಾಳೆ.